ಸೇನೆಯ ಹಳೇ ಜೀಪ್‌ಗೆ ಕೀ ಸ್ವಿಚ್ ಹಾಕಿಸೋದು ಹೇಗೆ?

ದಾಪೋಡಿಯ ಓದುಗರೊಬ್ಬರ ಪ್ರಶ್ನೆ: "ಸೇನೆಯ ಹರಾಜಿನಿಂದ ಬಂದ ಹಳೇ ಫೋರ್ ವೀಲ್ ಡ್ರೈವ್ ಗಾಡಿ ತಗೊಂಡಿದ್ದೇನೆ. ಡ್ಯಾಶ್‌ಬೋರ್ಡಿನಲ್ಲಿ ಕೀ ಇಲ್ಲ. ಒಂದು ಲಿವರ್, ಪಕ್ಕದಲ್ಲಿ ಸೆಲ್ಫ್ ಬಟನ್ ಅಷ್ಟೇ. ಯಾರು ಹತ್ತಿ ಕೂತರೂ ಸ್ಟಾರ್ಟ್ ಆಗುತ್ತೆ. ನಮ್ಮ ಬಿಲ್ಡಿಂಗಿನಲ್ಲಿ ಪಾರ್ಕಿಂಗ್ ಇಲ್ಲ, ರಸ್ತೆ ಪಕ್ಕವೇ ನಿಲ್ಲಿಸಬೇಕು. ಕೀ ಸ್ವಿಚ್ ಹಾಕಿಸಬಹುದಾ? ಎಲ್ಲಾ ವೈರಿಂಗ್ ಬದಲಿಸಬೇಕು ಅಂತಿದ್ದಾರೆ, ನಿಜವಾ?"

ಕೀ ಸ್ವಿಚ್ ಖಂಡಿತ ಹಾಕಿಸಬಹುದು. ವೈರಿಂಗ್ ಮಾತ್ರ ಬದಲಿಸಬೇಡಿ. ಸರಿಯಾಗಿ ಮಾಡಿದರೆ ಹಳೇ ವೈರ್ ಒಂದನ್ನೂ ಕತ್ತರಿಸದೆ ಈ ಕೆಲಸ ಮುಗಿಯುತ್ತೆ. ಮುಂದೆ ಯಾವಾಗಲಾದರೂ ಗಾಡಿಯನ್ನು ಮೊದಲಿನ ಹಾಗೇ ಮಾಡಬೇಕು ಅನಿಸಿದರೆ ಅರ್ಧ ಗಂಟೆಯಲ್ಲಿ ಬಿಚ್ಚಿಬಿಡಬಹುದು. ಪುಣೆಯಲ್ಲಿ ಖಡ್ಕಿ, ದೇಹೂರೋಡ್ ಅಂತ ಸುತ್ತಲೂ ಸೇನೆಯ ನೆಲೆಗಳೇ ಇರೋದರಿಂದ ಈ ಗಾಡಿಗಳ ಮೇಲೆ ಪ್ರೀತಿ ಇಟ್ಟುಕೊಂಡವರು ಇಲ್ಲಿ ಜಾಸ್ತಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು, ಕೀ ಯಾಕಿಲ್ಲ? ಸೇನೆಯ ಗಾಡಿಗೆ ಒಬ್ಬನೇ ಡ್ರೈವರ್ ಅಂತ ಇರೋದಿಲ್ಲ. ತುರ್ತು ಹೊತ್ತಿನಲ್ಲಿ ಕೀ ಯಾರ ಜೇಬಿನಲ್ಲಿದೆ ಅಂತ ಹುಡುಕುತ್ತಾ ಕೂರೋಕಾಗಲ್ಲ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪ್‌ಗಳಲ್ಲೂ ಮೊದಮೊದಲು ಕೀ ಇತ್ತು, ಆಮೇಲೆ ಅದನ್ನು ತೆಗೆದು ಬರೀ ಲಿವರ್ ಇಟ್ಟರು. ಕಾವಲಿಗೆ ಜನ ಇದ್ದಾಗ ಅದು ಸರಿ, ದಾಪೋಡಿಯ ರಸ್ತೆ ಪಕ್ಕಕ್ಕೆ ಸಾಲದು.

ಸ್ವಿಚ್ ಕೊಳ್ಳೋ ಮೊದಲು ಗಾಡಿ ಎಷ್ಟು ವೋಲ್ಟ್‌ನದು ಅಂತ ನೋಡಿಕೊಳ್ಳಿ. ಯುದ್ಧಕಾಲದ ವಿಲ್ಲಿಸ್ 6 ವೋಲ್ಟ್. ಅದರ ನಂತರದ ಎಂ38 ಜೀಪ್ 24 ವೋಲ್ಟ್. ಎಷ್ಟೋ ಗಾಡಿಗಳನ್ನು ಮಧ್ಯದಲ್ಲಿ ಯಾರೋ 12ಕ್ಕೆ ಬದಲಿಸಿರುತ್ತಾರೆ. ಆದ್ದರಿಂದ ಪುಸ್ತಕ ನಂಬಬೇಡಿ, ಮಲ್ಟಿಮೀಟರ್ ಹಿಡಿದು ಅಳೆಯಿರಿ. ಇಂಜಿನ್ ಆಫ್ ಇದ್ದಾಗ ಚಾರ್ಜ್ ಆಗಿರೋ 12 ವೋಲ್ಟ್ ಗಾಡಿ ಸುಮಾರು 12.6 ತೋರಿಸುತ್ತೆ, 24ರದ್ದು 25ಕ್ಕಿಂತ ಸ್ವಲ್ಪ ಮೇಲೆ. 24 ಆದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್), ಬಲ್ಬ್ ಎಲ್ಲಾ 24ರದ್ದೇ ತಗೊಳ್ಳಿ. 12ರ ಸಾಮಾನು ಕೈಯಲ್ಲಿದೆ ಅಂತ ಸಾಲಾಗಿ ಕಟ್ಟಿದ ಎರಡು 12ರ ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ಕರೆಂಟ್ ಎಳೆದರೆ ಒಂದು ಸದಾ ಡೌನ್, ಇನ್ನೊಂದು ಓವರ್‌ಚಾರ್ಜ್, ಕೊನೆಗೆ ಎರಡೂ ಹಾಳು.

ಈಗ ಅಸಲು ಕೆಲಸ. ಬ್ಯಾಟರಿಯ ಅರ್ಥಿಂಗ್ ಕೇಬಲ್ ಬಿಚ್ಚಿ. ಲಿವರ್ ಸ್ವಿಚ್ಚಿನ ಹಿಂದೆ ಟಾರ್ಚ್ ಬಿಟ್ಟು ನೋಡಿ. ಸಾಮಾನ್ಯವಾಗಿ ಎರಡು ಬೋಲ್ಟ್, ಅವುಗಳ ಮೇಲೆ ದುಂಡು ಲಗ್‌ಗಳು (ವೈರಿನ ತುದಿಯ ಲೋಹದ ಬಳೆಗಳು), ಎಷ್ಟೋ ಸಲ ವೈರಿನ ಕುತ್ತಿಗೆಗೆ ನಂಬರ್ ಹೊಡೆದ ಪುಟ್ಟ ತಗಡಿನ ಪಟ್ಟಿ. ಆ ಪಟ್ಟಿ ಕಿತ್ತು ಬಿಸಾಡಬೇಡಿ. ಬಣ್ಣ ಮಾಸಿ ಎಲ್ಲಾ ವೈರೂ ಕಪ್ಪಗಾಗಿರೋ ಗಾಡಿಯಲ್ಲಿ ಆ ನಂಬರೇ ನಿಮಗೆ ನಕ್ಷೆ. ಫೋಟೋ ತೆಗೆದುಕೊಳ್ಳಿ. ಒಂದು ಬೋಲ್ಟಿಗೆ ಬ್ಯಾಟರಿ ಕಡೆಯಿಂದ ಕರೆಂಟ್ ಬರುತ್ತೆ, ಇನ್ನೊಂದರಿಂದ ಪ್ಲಗ್‌ಗಳಿಗೆ ಕಿಡಿ ಕೊಡೋ ಇಗ್ನಿಷನ್ ಕಾಯಿಲ್‌ಗೆ ಹೋಗುತ್ತೆ.

ನನ್ನ ಸಲಹೆ ಇಷ್ಟು: ಲಿವರನ್ನು ಕಿತ್ತು ಆ ಜಾಗದಲ್ಲಿ ಕೀ ಕೂರಿಸಬೇಡಿ. ಲಿವರ್ ಇದ್ದಲ್ಲೇ ಇರಲಿ, ಕೀಯನ್ನು ಅದರ ಮುಂಚೆ ತನ್ನಿ. ಅಂದರೆ ಬ್ಯಾಟರಿ ಕಡೆಯಿಂದ ಬಂದ ಲಗ್ಗನ್ನು ಲಿವರಿನಿಂದ ಬಿಚ್ಚಿ ಹೊಸ ಕೀ ಸ್ವಿಚ್ಚಿನ 'ಬಿ' (ಬ್ಯಾಟರಿ) ಟರ್ಮಿನಲ್‌ಗೆ ಕೊಡಿ, ನಿಲುಕದಿದ್ದರೆ ಮಧ್ಯೆ ಒಂದು ತುಂಡು ವೈರ್ ಸೇರಿಸಿ. ಕೀಯ 'ಐಜಿ' (ಇಗ್ನಿಷನ್) ಟರ್ಮಿನಲ್‌ನಿಂದ ಹೊಸ ವೈರ್ ಎಳೆದು ಲಿವರಿನ ಆ ಖಾಲಿ ಬೋಲ್ಟಿಗೆ ಕಟ್ಟಿ. 2.5 ಚದರ ಮಿಲಿಮೀಟರ್ ವೈರ್ ಸಾಕು, ದಾರಿಯಲ್ಲಿ ಒಂದು ಫ್ಯೂಸ್ ಇರಲಿ. ಕಾಯಿಲ್ ಎಳೆಯೋದು ನಾಲ್ಕೈದು ಆಂಪಿಯರ್, ಕೀ ಅದನ್ನು ಸುಲಭವಾಗಿ ತಡೆದುಕೊಳ್ಳುತ್ತೆ. ಕೀ ತಿರುಗಿಸದೆ ಲಿವರ್ ಆನ್ ಮಾಡಿದರೂ ಕಾಯಿಲ್‌ಗೆ ಕರೆಂಟ್ ಇಲ್ಲ. ಡ್ಯಾಶ್ ಹಳೇ ರೂಪದಲ್ಲೇ ಉಳಿಯುತ್ತೆ.

ಇಲ್ಲಿ ಒಂದು ಮಾತು. ಲಿವರಿಗೆ ಬರೋ ಫೀಡ್‌ನಲ್ಲೇ (ಕರೆಂಟ್ ತರೋ ವೈರಿನಲ್ಲೇ) ಹಾರ್ನ್, ಲೈಟ್ ಕೂಡ ಸೇರಿಕೊಂಡಿದ್ದರೆ ಅವನ್ನು ಕೀಯ 'ಬಿ' ಬೋಲ್ಟಿನಲ್ಲೇ ಉಳಿಸಿ. ಕೀ ಆಫ್ ಇದ್ದರೂ ಹಾರ್ನ್ ಮತ್ತು ಪಾರ್ಕಿಂಗ್ ಲೈಟ್ ಬೇಕಾಗುತ್ತೆ. ಡ್ಯಾಶ್‌ನಲ್ಲಿ ಅಮ್ಮೀಟರ್ (ಕರೆಂಟ್ ಅಳೆಯೋ ಮೀಟರ್) ಇದ್ದರೆ ಹೊಸ ಫೀಡನ್ನು ಬ್ಯಾಟರಿ ಪೋಸ್ಟಿನಿಂದ ನೇರವಾಗಿ ತರಬೇಡಿ, ಅಮ್ಮೀಟರ್ ದಾಟಿದ ಮೇಲಿನ ಕಡೆಯಿಂದ ತನ್ನಿ. ಇಲ್ಲದಿದ್ದರೆ ಮುಳ್ಳು ಸುಳ್ಳು ಹೇಳುತ್ತೆ. ಇನ್ನು ಕೆಲವು ಸೇನಾ ಗಾಡಿಗಳಲ್ಲಿ ರೇಡಿಯೋಗೆ ತೊಂದರೆ ಆಗಬಾರದು ಅಂತ ಇಗ್ನಿಷನ್ ವೈರ್‌ಗಳಿಗೆ ಲೋಹದ ಜಾಲರಿ ಹೊದಿಸಿರುತ್ತಾರೆ. ಅದಕ್ಕೆ ಕೈ ಹಾಕೋ ಅಗತ್ಯವೇ ಇಲ್ಲ.

ಸೆಲ್ಫ್ ವಿಷಯಕ್ಕೆ ಬರೋಣ, ಹೆಚ್ಚಿನವರ ಕೀ ಸ್ವಿಚ್ ಸುಡೋದು ಇಲ್ಲೇ. ಸ್ಟಾರ್ಟರಿನ (ಸೆಲ್ಫ್ ಮೋಟಾರಿನ) ಸೊಲೆನಾಯ್ಡ್, ಅಂದರೆ ಅದರ ವಿದ್ಯುತ್ಕಾಂತದ ಸ್ವಿಚ್, ಒಳಗೆಳೆಯೋ ಕ್ಷಣದಲ್ಲಿ 30 ಆಂಪಿಯರ್‌ವರೆಗೂ ಎಳೆಯಬಹುದು. ಆ ಹೊರೆಯನ್ನು ನೇರವಾಗಿ ಕೀ ಮೇಲೆ ಹಾಕಿದರೆ ಒಳಗಿನ ತಾಮ್ರದ ಬಿಂದುಗಳು ದಿನಾ ಸ್ವಲ್ಪ ಸ್ವಲ್ಪ ಸುಡುತ್ತವೆ, ಒಂದು ದಿನ ಅಂಟಿಕೊಂಡು ಕೀ ಬಿಟ್ಟರೂ ಸೆಲ್ಫ್ ತಿರುಗುತ್ತಲೇ ಇರುತ್ತೆ. ಆದ್ದರಿಂದ ರಿಲೇ ಹಾಕಲೇಬೇಕು. ಕೀ ದೊಡ್ಡ ಕರೆಂಟ್ ಹೊರಬಾರದು, ರಿಲೇಗೆ ಅಪ್ಪಣೆ ಕೊಡಬೇಕು ಅಷ್ಟೇ. ಸಾಮಾನ್ಯ 40 ಆಂಪಿಯರ್ ಕಾರ್ ರಿಲೇ ನಾನಾ ಪೇಠದಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತೆ. ಅದರ ಪಿನ್‌ಗಳ ಮೇಲೆ ನಂಬರ್ ಇರುತ್ತೆ: 30ಕ್ಕೆ ಬ್ಯಾಟರಿ, 87ರಿಂದ ಸೊಲೆನಾಯ್ಡ್, 85 ಗಾಡಿಯ ಲೋಹದ ಮೈಗೆ (ಅರ್ಥಿಂಗ್), 86ಕ್ಕೆ ಕೀಯಿಂದ ಬರೋ ವೈರ್.

86ಕ್ಕೆ ಕೀಯ 'ಎಸ್‌ಟಿ' (ಸ್ಟಾರ್ಟ್) ಟರ್ಮಿನಲ್ ಕೊಟ್ಟರೆ ಕಾರಿನ ಹಾಗೆ ಕೀ ತಿರುಗಿಸಿ ಸ್ಟಾರ್ಟ್ ಮಾಡಬಹುದು. ನಾನಾಗಿದ್ದರೆ ಹಳೇ ಬಟನ್ ಉಳಿಸಿಕೊಳ್ಳುತ್ತೇನೆ: 'ಐಜಿ'ಯಿಂದ ಬಟನ್‌ಗೆ, ಬಟನ್‌ನಿಂದ 86ಕ್ಕೆ. ಕೀ ಆನ್ ಇದ್ದರೆ ಮಾತ್ರ ಬಟನ್ ಕೆಲಸ ಮಾಡುತ್ತೆ, ಕೀ ಮೇಲೆ ಸವೆತವೂ ಕಡಿಮೆ. ಕಾಲಿನಲ್ಲಿ ತುಳಿಯೋ ಸ್ಟಾರ್ಟರ್ ಇದ್ದರೆ ಅದನ್ನು ಬಿಟ್ಟುಬಿಡಿ. ಅದರಲ್ಲಿ ದಪ್ಪ ಕೇಬಲ್ಲೇ ನೇರ ಸೇರೋದರಿಂದ ಕೀ ಇಲ್ಲದೆಯೂ ಇಂಜಿನ್ ತಿರುಗುತ್ತೆ, ಆದರೆ ಹತ್ತಿಕೊಳ್ಳಲ್ಲ.

ಇಲ್ಲಿವರೆಗೆ ಹೇಳಿದ್ದು ಪೆಟ್ರೋಲ್ ಇಂಜಿನ್‌ಗೆ. ಸೇನೆಯ ಜೋಂಗಾದಂಥ ಗಾಡಿ ಜಬಲ್ಪುರದ ಕಾರ್ಖಾನೆಯಿಂದ ಹೊರಬಂದಿದ್ದು ನಿಸಾನ್ ವಿನ್ಯಾಸದ 3956 ಸಿಸಿ, ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ ಜೊತೆ. ಪೆಟ್ರೋಲ್ ಖರ್ಚು ತಾಳಲಾರದೆ ಡೀಸೆಲ್ ಇಂಜಿನ್ ಕೂರಿಸಿದವರು ತುಂಬಾ ಜನ. ಡೀಸೆಲ್‌ಗೆ ಕಿಡಿ ಬೇಡ, ಹಾಗಾಗಿ ಕರೆಂಟ್ ಕಡಿದ ಮಾತ್ರಕ್ಕೆ ಇಂಜಿನ್ ನಿಲ್ಲಲ್ಲ. ಡೀಸೆಲ್ ಪಂಪಿನಲ್ಲಿ, ಕರೆಂಟ್ ಇದ್ದಾಗ ಮಾತ್ರ ಡೀಸೆಲ್ ಬಿಡೋ ಸೊಲೆನಾಯ್ಡ್ ಇದ್ದರೆ ಅದಕ್ಕೆ ಕೀಯ 'ಐಜಿ' ಕೊಡಿ. ಬರೀ ಎಳೆಯೋ ಸ್ಟಾಪ್ ಕೇಬಲ್ ಇದ್ದರೆ ಅದನ್ನು ತೆಗೆಯಬೇಡಿ, ಇಂಜಿನ್ ನಿಲ್ಲಿಸೋದು ಅದೇ.

ಕೆಲವರಿಗೆ ಇನ್ನೊಂದು ವಿಚಿತ್ರ ಕಾಟ ಬರುತ್ತೆ: ಕೀ ತೆಗೆದು ಕೈಯಲ್ಲಿ ಹಿಡಿದಿದ್ದರೂ ಇಂಜಿನ್ ಓಡುತ್ತಲೇ ಇರುತ್ತೆ. ಬ್ಯಾಟರಿ ಚಾರ್ಜ್ ಮಾಡೋಕೆ ಆಲ್ಟರ್ನೇಟರ್ ಹಾಕಿಸಿ, ಇಗ್ನಿಷನ್‌ಗೂ ಒಂದು ರಿಲೇ ಇಟ್ಟಿದ್ದರೆ ಇದು ಸಾಧ್ಯ. ಓಡುತ್ತಿರೋ ಆಲ್ಟರ್ನೇಟರ್ ಚಾರ್ಜಿಂಗ್ ಲೈಟಿನ ಮೂಲಕ ಸ್ವಲ್ಪ ಕರೆಂಟನ್ನು ಹಿಂದಕ್ಕೆ ಕಳಿಸುತ್ತೆ, ರಿಲೇ ಹಿಡಿದಿಟ್ಟುಕೊಳ್ಳಲು ಅಷ್ಟೇ ಸಾಕು. ಆ ಲೈಟಿನ ವೈರ್‌ನಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋ ಒಂದು 1ಎನ್4007 ಡಯೋಡ್ ಸೇರಿಸಿ, ಅದರ ಮೇಲಿನ ಬೆಳ್ಳಿ ಗೆರೆ ಆಲ್ಟರ್ನೇಟರ್ ಕಡೆಗೆ. ಕೆಲವೇ ರೂಪಾಯಿ ಖರ್ಚು, ಬುಧವಾರ ಪೇಠದ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತೆ.

ಯಾವ ಸ್ವಿಚ್ ತಗೊಳ್ಳಬೇಕು? ಡ್ಯಾಶ್ ಮೇಲೆ ಕೂರೋ, ಲೋಹದ ಬಾಡಿಯ ಸ್ವಿಚ್. ಸ್ಟೀರಿಂಗ್ ಲಾಕ್ ಇರೋ ಕಾರಿನ ಸ್ವಿಚ್ಚನ್ನು ವೆಲ್ಡ್ ಮಾಡಿ ಕೂರಿಸಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಲೇಬೇಡಿ. ತಾಮ್ಹಿಣಿ ಘಾಟ್ ಇಳಿಯುವಾಗ ಗಾಡಿ ಕುಲುಕಾಟಕ್ಕೆ ಆ ಲಾಕ್ ಬಿದ್ದರೆ ಸ್ಟೀರಿಂಗ್ ತಿರುಗೋದೇ ಇಲ್ಲ. ಕಳ್ಳನ ಭಯಕ್ಕೆ ಪ್ರಾಣ ಒತ್ತೆ ಇಡಬಾರದು. ಟ್ರ್ಯಾಕ್ಟರ್ ಸ್ವಿಚ್ ಗಟ್ಟಿ, ಅಗ್ಗ, ಆದರೆ ಒಂದೇ ಕೀ ಎಷ್ಟೋ ಟ್ರ್ಯಾಕ್ಟರಿಗೆ ಹೊಂದುತ್ತೆ. ಕೂರಿಸಲು ಡ್ಯಾಶ್ ಕೊರೆಯಬೇಡಿ, ಕೆಳಗಡೆ ಒಂದು ತಗಡಿನ ಪಟ್ಟಿ ಬೋಲ್ಟ್ ಮಾಡಿ, ಮೊಣಕಾಲು ತಾಗದ ಹಾಗೆ. ಕೀ ತೂತು ಮೇಲ್ಮುಖವಾಗಿ ಇರಬಾರದು. ಮುಳಶಿ ಕಡೆಯ ಜುಲೈ ಮಳೆಗೆ ಕ್ಯಾನ್ವಾಸ್ ಟಾಪ್ ತಡೆಯಲ್ಲ.

ಇಷ್ಟೆಲ್ಲಾ ಮಾಡಿದರೂ ಗೊತ್ತಿರೋನು ಡ್ಯಾಶ್ ಕೆಳಗೆ ಕೈ ಹಾಕಿ ಎರಡು ವೈರ್ ಸೇರಿಸಿದರೆ ಗಾಡಿ ಸ್ಟಾರ್ಟ್ ಆಗುತ್ತೆ. ಕೀ ತಡೆಯೋದು ಸುಮ್ನೆ ಹತ್ತಿ ಕೂರೋರನ್ನು. ರಸ್ತೆ ಪಕ್ಕ ನಿಲ್ಲಿಸೋ ನಿಮಗೆ ಬ್ಯಾಟರಿ ಕಟ್‌ಆಫ್ ಸ್ವಿಚ್ ಕೂಡ ಬೇಕು. ಸೀಟಿನ ಕೆಳಗೆ ಬೀಗ ಹಾಕೋ ಪೆಟ್ಟಿಗೆಯೊಳಗೆ ಇಡಿ, ಸ್ಟೀರಿಂಗಿಗೆ ಸರಪಳಿಯೂ ಇರಲಿ. ಆ ಕಟ್‌ಆಫನ್ನು ಇಂಜಿನ್ ಓಡುತ್ತಿರುವಾಗ ಮಾತ್ರ ತಿರುಗಿಸಬೇಡಿ, ಆಲ್ಟರ್ನೇಟರಿನ ಡಯೋಡ್ ಹೋಗುತ್ತೆ.

ಕೆಲಸ ಮುಗಿದ ಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಮೂರು ಸಂಗತಿ ನೋಡಿ. ಕೀ ಇಲ್ಲದೆ ಬಟನ್ ಒತ್ತಿದರೆ ಸದ್ದೇ ಆಗಬಾರದು. ಬಟನ್ ಒತ್ತಿ ಹಿಡಿದಿರೋ ಹೊತ್ತಿನಲ್ಲೂ ಕಾಯಿಲ್‌ಗೆ ಕರೆಂಟ್ ಹೋಗುತ್ತಿರಬೇಕು. 'ಎಸ್‌ಟಿ'ಯಿಂದ ಸ್ಟಾರ್ಟ್ ಮಾಡೋ ಹಾಗಿದ್ದರೆ ಇದನ್ನು ಮೀಟರಿನಲ್ಲೇ ನೋಡಿ, ಯಾಕೆಂದರೆ ಕೆಲವು ಸ್ವಿಚ್‌ಗಳು ಆ ಹೊತ್ತಿಗೆ 'ಎಸಿಸಿ'ಯನ್ನು (ರೇಡಿಯೋದಂಥ ಇತರ ಸಾಮಾನಿನ ಟರ್ಮಿನಲ್) ಕಡಿಯುತ್ತವೆ, ಕಾಯಿಲನ್ನು ತಪ್ಪಿ 'ಎಸಿಸಿ'ಗೆ ಕಟ್ಟಿದ್ದರೆ ಇಂಜಿನ್ ಬರೀ ತಿರುಗುತ್ತೆ, ಹತ್ತಿಕೊಳ್ಳಲ್ಲ. ಮೂರನೆಯದು, ಇಂಜಿನ್ ಜೋರಾಗಿ ಓಡುತ್ತಿರುವಾಗ ಕೀ ಆಫ್ ಮಾಡಿದರೆ ತಕ್ಷಣ ನಿಲ್ಲಬೇಕು. ಒಂದು ವಾರ ಓಡಿಸಿದ ಮೇಲೆ ಲಗ್‌ಗಳನ್ನೆಲ್ಲಾ ಇನ್ನೊಮ್ಮೆ ಬಿಗಿ ಮಾಡಿ. ಈ ಗಾಡಿಗಳ ಕುಲುಕಾಟಕ್ಕೆ ನಟ್ ಸಡಿಲ ಆಗೇ ಆಗುತ್ತೆ. ಓಡಿಸಿ ಬಂದ ಕೂಡಲೇ ಕೀ ಸ್ವಿಚ್ಚಿನ ಹಿಂಭಾಗ ಮುಟ್ಟಿ ನೋಡಿ, ಬಿಸಿ ಇದ್ದರೆ ಯಾವುದೋ ಲಗ್ ಸರಿಯಾಗಿ ಕೂತಿಲ್ಲ ಅಂತಲೇ ಅರ್ಥ.