‘ಕಂಚಿನ ಯುಗದ ಖಡ್ಗ’ ಯಾವುದು, ಯಾವುದಲ್ಲ

ಕಾಸರಗೋಡಿನ ಕಡೆ ದೈವದ ಭಂಡಾರದ ಹಳೆಯ ಕಡ್ಸಲೆಯ (ದೈವದ ಖಡ್ಗದ) ಫೋಟೊ ಹಾಕಿ ‘ಕಂಚಿನ ಯುಗದ್ದು’ ಎಂದು ಬರೆಯುವವರು ಹೆಚ್ಚಾಗಿದ್ದಾರೆ. ಕಂಚು ಲೋಹದ ಹೆಸರು, ಕಂಚಿನ ಯುಗ ಕಾಲದ ಹೆಸರು. ಕಬ್ಬಿಣ ಬಂದ ಮೇಲೂ ಕಂಚು ಎರೆಯುವುದು ನಿಂತಿಲ್ಲ, ಇಂದಿಗೂ ನಡೆದಿದೆ. ಹಾಗಾಗಿ ಲೋಹವೊಂದನ್ನೇ ನೋಡಿ ಕಾಲ ಹೇಳಲಾಗದು.

ಕಲ್ಲು, ಕಂಚು, ಕಬ್ಬಿಣ ಎಂಬ ವಿಂಗಡಣೆ ಡೆನ್ಮಾರ್ಕಿನ ಪುರಾತತ್ವಜ್ಞ ಥಾಮ್ಸೆನ್ 1836ರಲ್ಲಿ ಪ್ರಕಟಿಸಿದ್ದು. ಅದು ದಕ್ಷಿಣ ಭಾರತಕ್ಕೆ ಹೊಂದುವುದಿಲ್ಲ. ಇಲ್ಲಿ ನವಶಿಲಾಯುಗದ ಕೊನೆಗೆ ತಾಮ್ರ ಅಷ್ಟಿಷ್ಟು ಕಾಣಿಸಿಕೊಂಡಿತು. ಅದರ ಬೆನ್ನಿಗೇ ಕಬ್ಬಿಣ ಬಂತು. ಕಾಸರಗೋಡಿನ ಮುರಕಲ್ಲು ಕೊರೆದ ಸಮಾಧಿಗಳು ಕಬ್ಬಿಣ ಯುಗಕ್ಕೆ ಸೇರಿದವು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಇನ್ನು, ಕಂಚೆಂದು ಕರೆಸಿಕೊಳ್ಳುವ ಎಷ್ಟೋ ಖಡ್ಗಗಳು ಹಿತ್ತಾಳೆಯವು. ಕಂಚು ತಾಮ್ರ ಮತ್ತು ತವರದ ಬೆರಕೆ, ಹಿತ್ತಾಳೆ ತಾಮ್ರ ಮತ್ತು ಸತುವಿನದು. ಸತುವಿನ ಅದಿರನ್ನು ತಾಮ್ರದೊಂದಿಗೆ ಮುಚ್ಚಿದ ಮೂಸೆಯಲ್ಲಿ ಕಾಯಿಸುವ ಹಳೆಯ ವಿಧಾನದಲ್ಲಿ ಸತು ಸುಮಾರು ಶೇ. 28 ದಾಟುವುದು ಕಷ್ಟ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಬಟ್ಟಿ ಇಳಿಸಿದ ಸತು ಬೆರೆಸಿದ್ದಾರೆಂದು ಅರ್ಥ. ಅಂಥದ್ದು ‘ಕಂಚಿನ ಯುಗ’ದ ಹತ್ತಿರಕ್ಕೂ ಬರದು. ಯಾವ ಲೋಹ ಎಷ್ಟಿದೆ ಎಂದು ಅಳೆಯುವ ಎಕ್ಸ್‌ರೇ ಯಂತ್ರವನ್ನು ಕಿಲುಬಿನ ಮೇಲೇ ಹಿಡಿದರೆ ಲೆಕ್ಕ ತಪ್ಪುತ್ತದೆ. ಮಣ್ಣಿನಲ್ಲಿದ್ದ ಕಂಚಿನ ಮೇಲ್ಪದರದಿಂದ ತಾಮ್ರ ಕರಗಿಹೋಗಿ ತವರ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ. ಒಳಗಿನ ಗಟ್ಟಿ ಲೋಹವನ್ನೇ ಅಳೆಯಬೇಕು.

ವರ್ಗೀಕರಣದಲ್ಲಿ ಮೊದಲು ನೋಡುವುದು ಹಿಡಿಯನ್ನು: ಅಲಗಿನ ಜೊತೆಗೇ ಎರಕವಾದದ್ದೋ, ಮರದ ಹಿಡಿಯೊಳಗೆ ತೂರುವ ಬಾಲವಿದೆಯೋ, ರಿವೆಟ್ ತೂತುಗಳಿವೆಯೋ? ಆಮೇಲೆ ಅಲಗಿನ ನಡುವಿನ ಏಣು, ಅಡ್ಡಸೀಳಿನ ಆಕಾರ, ತೂಕ. ರಾಯಚೂರು ಜಿಲ್ಲೆಯ ಕಲ್ಲೂರಿನ ಖಡ್ಗಗಳ ಹಿಡಿ ತುದಿಯಲ್ಲಿ ಕೀಟದ ಮೀಸೆಯಂತೆ ಕವಲೊಡೆಯುತ್ತದೆ. ಇದೇ ಬಗೆಯವು ಗಂಗಾ ಬಯಲಿನ ತಾಮ್ರನಿಧಿಗಳಲ್ಲೂ ಇವೆ. ಆಕಾರ ಹೊಂದಿತೆಂದು ಕಾಲವೂ ಒಂದೇ ಎನ್ನಬಾರದು. ನಿಧಿಯಾಗಿ ಹೂತಿಟ್ಟವು ಹೆಚ್ಚಾಗಿ ಮಡಕೆಚೂರು, ಇದ್ದಿಲು ಯಾವುದೂ ಜೊತೆಗಿಲ್ಲದೆ ಸಿಗುತ್ತವೆ. ಮರ, ಇದ್ದಿಲಿನಂಥವುಗಳ ಕಾಲ ಹೇಳುವ ಕಾರ್ಬನ್ ಪರೀಕ್ಷೆಯೋ ಲೋಹದ ಕಾಲ ಹೇಳುವುದಿಲ್ಲ. ಉತ್ತರ ಪ್ರದೇಶದ ಸೈಪೈಯಲ್ಲಿ ತಾಮ್ರದ ಆಯುಧ ಕಾವಿ ಬಣ್ಣದ ಮಡಕೆಗಳ ನೆಲೆಯಲ್ಲಿ ಸಿಕ್ಕಿದ್ದಕ್ಕೆ ಅಷ್ಟು ಬೆಲೆ ಬಂದದ್ದು ಅದಕ್ಕೇ.

ಹಳೆಯ ಅಲಗು ಕೈಗೆ ಸಿಕ್ಕರೆ ದಯವಿಟ್ಟು ಹುಣಸೆಹುಳಿ ಹಚ್ಚಿ ಉಜ್ಜಬೇಡಿ. ಕೊಳೆತ ಹಿಡಿಯ ಮರದ ನಾರು, ಸುತ್ತಿದ ಬಟ್ಟೆಯ ಎಳೆ ಕಿಲುಬಿನಲ್ಲೇ ಉಳಿದಿರುತ್ತವೆ. ಬಾಲಕ್ಕಂಟಿದ ಆ ಮರದ ಚೂರಿಗೆ ಕಾರ್ಬನ್ ಪರೀಕ್ಷೆ ಮಾಡಲು ಬರುತ್ತದೆ. ಉಜ್ಜಿದ ಖಡ್ಗದಲ್ಲಿ ಅದಿರುವುದಿಲ್ಲ.