ಲೋಹಕ್ಕೆ ಕಚ್ಚಿಕೊಂಡ ಪಿಂಗಾಣಿ

ಲೋಹದ ಕ್ಯಾಪಿನ ಮೇಲಿರುವ ಹಲ್ಲಿನ ಬಣ್ಣದ ಹೊದಿಕೆಯನ್ನು ಒಂದು ಬಗೆಯ ಪೇಂಟ್ ಎಂದೇ ಬಹಳ ಮಂದಿ ತಿಳಿದಿರುವುದರಿಂದ, ದಂತವೈದ್ಯರಲ್ಲಿ ಅವರು ಕೇಳುವುದು ಎರಡೇ ಪ್ರಶ್ನೆ: ಬಣ್ಣ ಹೊಂದುತ್ತದೆಯೇ, ಹೊದಿಕೆ ಗಟ್ಟಿಯೇ? ಎರಡನೆಯ ಪ್ರಶ್ನೆಗೆ ಹೆಚ್ಚು ಅರ್ಥವಿಲ್ಲ. ಈ ಹೊದಿಕೆ ಪಿಂಗಾಣಿಯದು; ಅದು ಹಲ್ಲಿನ ಹೊರಪದರವಾದ ಎನಾಮೆಲ್‌ಗಿಂತಲೂ ಗಡಸು. ಮೇಲ್ಮೈ ಒರಟಾದರೆ ಅದು ಎದುರಿನ ಹಲ್ಲನ್ನೇ ಸವೆಸುತ್ತದೆ. ಹೊದಿಕೆಯ ಆಯುಷ್ಯ ಬಹುಪಾಲು ನಿರ್ಧಾರವಾಗುವುದು ಪಿಂಗಾಣಿಯೂ ಲೋಹವೂ ಕೂಡುವ ತೆಳು ಗಡಿಯಲ್ಲಿ, ಅವೆರಡೂ ಕುಲುಮೆಯಿಂದ ಹೊರಬಂದು ಒಟ್ಟಿಗೆ ತಣಿಯುವ ಹೊತ್ತಿನಲ್ಲಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಚಾರ್ಲ್ಸ್ ಲ್ಯಾಂಡ್ ಎಂಬ ದಂತವೈದ್ಯರು ಪ್ಲಾಟಿನಂ ಹಾಳೆಯ ಮೇಲೆ ಪಿಂಗಾಣಿಯನ್ನು ಸುಟ್ಟು ಹಲ್ಲಿನ ಕವಚ ಮಾಡುತ್ತಿದ್ದರು. (ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ವಿಮಾನದಲ್ಲಿ ದಾಟಿದ ಲಿಂಡ್‌ಬರ್ಗ್ ಇವರ ಮಗಳ ಮಗ.) ಕವಚ ಚೆಲುವಾಗಿತ್ತು, ಆದರೆ ಸುಲಭವಾಗಿ ಒಡೆಯುತ್ತಿತ್ತು. ಒಳಗೆ ಲೋಹದ ಆಸರೆ ಕೊಡೋಣವೆಂದರೆ ಲೆಕ್ಕ ಅಡ್ಡ ಬರುತ್ತಿತ್ತು. ಪ್ರತಿ ಡಿಗ್ರಿ ತಣಿಯುವಾಗ ಚಿನ್ನದ ಮಿಶ್ರಲೋಹ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 14 ಪಾಲು ಕುಗ್ಗಿದರೆ, ಫೆಲ್ಡ್‌ಸ್ಪಾರ್ ಎಂಬ ಖನಿಜದಿಂದ ಮಾಡಿದ ಸಾಧಾರಣ ಪಿಂಗಾಣಿ ಕುಗ್ಗುವುದು ಸುಮಾರು 8 ಪಾಲು ಮಾತ್ರ. ಪಿಂಗಾಣಿ ಬಿಗಿಯಾದ ಮೇಲೆ ಇನ್ನೂ 550 ಡಿಗ್ರಿ ತಣಿಯಬೇಕು ಎಂದಿಟ್ಟುಕೊಂಡರೆ, 10 ಮಿಲಿಮೀಟರ್ ಅಗಲದಲ್ಲಿ ಇವೆರಡರ ನಡುವೆ ಸುಮಾರು 33 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ವ್ಯತ್ಯಾಸ ಬೀಳುತ್ತದೆ. ಕಣ್ಣಿಗೆ ಅದು ಏನೂ ಅಲ್ಲ. ಗಾಜಿನಂಥ ವಸ್ತು ಸೀಳಿ ಕಳಚಿಕೊಳ್ಳಲು ಧಾರಾಳವಾಗಿ ಸಾಕು.

ಈ ಗಂಟನ್ನು ಬಿಡಿಸಿದ್ದು ಲ್ಯೂಸೈಟ್ ಎಂಬ ಖನಿಜ. ಅದು ಕಾದಾಗ ಬಹಳ ಹಿಗ್ಗುತ್ತದೆ, ತಣಿದಾಗ ಅಷ್ಟೇ ಕುಗ್ಗುತ್ತದೆ. ಗಾಜಿನೊಳಗೆ ಅದರ ಹರಳುಗಳು ತಕ್ಕ ಪ್ರಮಾಣದಲ್ಲಿದ್ದರೆ ಪಿಂಗಾಣಿಯ ಕುಗ್ಗುವಿಕೆಯನ್ನು ಲೋಹದ ಸಮೀಪಕ್ಕೆ ತರಬಹುದು. 1962ರಲ್ಲಿ ಅಮೆರಿಕದಲ್ಲಿ ವೈನ್‌ಸ್ಟೀನ್ ಮತ್ತು ಸಂಗಡಿಗರು ಪಡೆದ ಪೇಟೆಂಟ್‌ಗಳು ಇಂಥ ಪಿಂಗಾಣಿಗೆ ದಾರಿ ತೆರೆದವು. ಜಾಣತನವಿರುವುದು ಎರಡನ್ನೂ ಸರಿಸಮ ಮಾಡದೆ, ಲೋಹವೇ ಕೂದಲೆಳೆಯಷ್ಟು ಹೆಚ್ಚು ಕುಗ್ಗುವಂತೆ ಬಿಡುವುದರಲ್ಲಿ. ಆಗ ಪಿಂಗಾಣಿ ಸದಾ ಅದುಮಿದ ಸ್ಥಿತಿಯಲ್ಲಿರುತ್ತದೆ. ಎಳೆತಕ್ಕೆ ಸುಲಭವಾಗಿ ಬಿರಿಯುವ ಈ ವಸ್ತು ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ಇನ್ನು ಕಚ್ಚಿಕೊಳ್ಳುವ ಮಾತು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವನು ಕಾದ ಮೈಗೆ ನವಸಾಗರ ಉದುರಿಸಿ ಆಕ್ಸೈಡ್ ಪೊರೆಯನ್ನು ತೊಲಗಿಸುತ್ತಾನೆ, ಏಕೆಂದರೆ ತವರ ಬೆಸೆಯಬೇಕಾದದ್ದು ಶುದ್ಧ ಲೋಹಕ್ಕೆ. ದಂತ ತಂತ್ರಜ್ಞನ ಕೆಲಸ ಇದಕ್ಕೆ ತಿರುಗುಮುರುಗು: ಅವನಿಗೆ ಆ ಪೊರೆಯೇ ಬೇಕು. ಶುದ್ಧ ಚಿನ್ನಕ್ಕೆ ಪಿಂಗಾಣಿ ಸರಿಯಾಗಿ ಅಂಟುವುದಿಲ್ಲವಾದ್ದರಿಂದ ಅದರಲ್ಲಿ ತುಸು ತವರವನ್ನೋ ಇಂಡಿಯಂ ಎಂಬ ಲೋಹವನ್ನೋ ಬೆರೆಸಿರುತ್ತಾರೆ. ಕುಲುಮೆಯ ಶಾಖಕ್ಕೆ ಅವು ಮೇಲ್ಮೈಗೆ ಬಂದು ಆಕ್ಸೈಡ್ ಆಗುತ್ತವೆ, ಕರಗಿದ ಪಿಂಗಾಣಿ ಆ ಆಕ್ಸೈಡಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಪೊರೆ ದಪ್ಪವಾದರೆ ಮಾತ್ರ ಅದೇ ಒಳಗೊಳಗೇ ಸೀಳುತ್ತದೆ. ದೇಹಕ್ಕೆ ಒಗ್ಗುವ ಟೈಟಾನಿಯಂ ಲೋಹವು ಪಿಂಗಾಣಿಯ ಕೆಲಸದಲ್ಲಿ ಕಾಡುವುದು ಇದಕ್ಕಾಗಿಯೇ: ಸುಮಾರು 800 ಡಿಗ್ರಿ ದಾಟಿದರೆ ಅದರ ಪೊರೆ ಬೇಗ ದಪ್ಪವಾಗುತ್ತದೆ. ಅದಕ್ಕೆ ಕಡಿಮೆ ಶಾಖದಲ್ಲಿ ಕರಗುವ, ಕಡಿಮೆ ಕುಗ್ಗುವ ಬೇರೆಯೇ ಪಿಂಗಾಣಿ ಬೇಕು. ಬೆಸುಗೆಯ ಬಲ ಕನಿಷ್ಠ 25 ಮೆಗಾಪಾಸ್ಕಲ್ ಇರಬೇಕೆಂದು ಐಎಸ್‌ಒ 9693 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ.

‘ಲೋಹ ವಿಷ, ಬಿಳಿಯದು ಸುರಕ್ಷಿತ’ ಎಂಬ ಮಾತಿಗೆ ನನ್ನಲ್ಲಿ ತಾಳ್ಮೆಯಿಲ್ಲ. ನಿಕಲ್ ಅಲರ್ಜಿ ಇರುವವರಿಗೆ ಲೋಹದ ಬಗ್ಗೆ ಎಚ್ಚರ ಬೇಕು, ನಿಜ. ಆದರೆ ಅಗ್ಗದ ನಿಕಲ್-ಕ್ರೋಮಿಯಂ ಕ್ಯಾಪಿನ ಮೇಲೆ ಎಷ್ಟೇ ಚೆಂದದ ಪಿಂಗಾಣಿಯಿದ್ದರೂ ಒಳಮೈಯಲ್ಲೂ ಹಲವು ವೇಳೆ ವಸಡಿನಂಚಿನಲ್ಲೂ ಲೋಹ ಬರಿದಾಗಿಯೇ ಇರುತ್ತದೆ. ಅಂಥವರು ವೈದ್ಯರಲ್ಲಿ ವಿಚಾರಿಸಬೇಕಾದದ್ದು ಹೊದಿಕೆಯ ಬ್ರ್ಯಾಂಡ್ ಅಲ್ಲ, ಒಳಗಿನ ಮಿಶ್ರಲೋಹ ಯಾವುದೆಂದು.

ಹಲ್ಲು ನೇರಮಾಡುವ ತಂತಿಯ ಕಥೆ ಬೇರೆ. ಬಾಗಿ ಮತ್ತೆ ನೆಟ್ಟಗಾಗುವ, ತೂಕದಲ್ಲಿ ಅರ್ಧಕ್ಕೂ ಹೆಚ್ಚು ನಿಕಲ್ ಇರುವ ನಿಕಲ್-ಟೈಟಾನಿಯಂ ತಂತಿಗೆ ಪಿಂಗಾಣಿ ಹಚ್ಚಿದರೆ ಮೊದಲ ಸಲ ಬಾಗಿದಾಗಲೇ ಉದುರುತ್ತದೆ. ಆದ್ದರಿಂದ ಅದಕ್ಕೆ ಟೆಫ್ಲಾನ್ ಅಥವಾ ಎಪಾಕ್ಸಿಯ ಕೆಲವು ಹತ್ತು ಮೈಕ್ರಾನ್‌ಗಳ ಲೇಪ ಕೊಡುತ್ತಾರೆ. ಹಲ್ಲಿಗೆ ಅಂಟಿಸುವ ಬ್ರ್ಯಾಕೆಟ್ಟಿನಲ್ಲಿ ತಂತಿ ಕೂರುವ ತೋಡಿನ ಎತ್ತರವೇ ಸುಮಾರು ಅರ್ಧ ಮಿಲಿಮೀಟರ್ ಆದ್ದರಿಂದ ಲೇಪವನ್ನು ದಪ್ಪಮಾಡುವಂತಿಲ್ಲ; ತೆಳುವಾದ ಲೇಪ ಬ್ರ್ಯಾಕೆಟ್ಟಿಗೆ ಉಜ್ಜಿ, ಟೂತ್‌ಬ್ರಷ್ಷಿಗೆ ಸಿಕ್ಕಿ ಅಲ್ಲಲ್ಲಿ ಸಿಪ್ಪೆ ಏಳುತ್ತದೆ, ಅಲ್ಲಿ ಲೋಹ ಇಣುಕುತ್ತದೆ. ತಂತಿಯನ್ನು ಬಿಗಿದಿಡುವ ರಬ್ಬರ್ ಉಂಗುರಗಳಿಗೆ ಸಾರಿನ ಅರಿಶಿನವೂ ಹತ್ತುತ್ತದೆ. ರೋಡಿಯಂ ಎಂಬ ಲೋಹದ ಲೇಪ ಇದಕ್ಕಿಂತ ಬಹಳ ತೆಳು, ತೋಡಿನಲ್ಲಿ ಜಾಗ ತಿನ್ನುವುದಿಲ್ಲ; ಆದರೆ ಅದರದು ಮಂದ ಬೆಳ್ಳಿಯ ಬಿಳುಪೇ ಹೊರತು ಹಲ್ಲಿನ ಬಣ್ಣವಲ್ಲ. ಕೆಲವು ತಿಂಗಳಲ್ಲಿ ಬದಲಾಯಿಸುವ ತಂತಿಗೆ ಅಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ವರ್ಷಗಟ್ಟಲೆ ಬಾಯಲ್ಲಿ ಉಳಿಯಬೇಕಾದ ಕ್ಯಾಪಿಗೆ ಈ ಲೇಪಗಳಲ್ಲಿ ಒಂದನ್ನೂ ನಾನು ಒಪ್ಪಲಾರೆ.