ಕರೆಂಟ್ ತಂತಿಯಲ್ಲಿ ಇಂಟರ್ನೆಟ್: ಅಮೆರಿಕದ ನಿಯಮವನ್ನು ಬಿಡಿಸಿ ಓದೋಣ

ವಿದ್ಯುತ್ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಕಳಿಸುವ ತಂತ್ರಕ್ಕೆ ಬಿಪಿಎಲ್ ಎನ್ನುತ್ತಾರೆ (ರೇಷನ್ ಕಾರ್ಡಿನ ಬಿಪಿಎಲ್ ಬೇರೆ). ದೂರಸಂಪರ್ಕ ನೀತಿ ಓದುವವರಿಗೆ ಇದು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿದುಹೋಗುವ ಪಾಠ. 2004ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ ಇದಕ್ಕೆ ದಾರಿ ಮಾಡಿಕೊಟ್ಟಿತು. ಹತ್ತು ವರ್ಷ ತುಂಬುವ ಮೊದಲೇ ವ್ಯಾಪಾರ ಮಲಗಿತು. ಎರಡೂ ಸಾಲು ಸರಿ, ಸ್ವಾರಸ್ಯವೆಲ್ಲ ಇರುವುದು ನಡುವಿನ ಜಗಳದಲ್ಲಿ. ಈ ಇಡೀ ಅಧ್ಯಾಯವನ್ನು ಒಂದೇ ಪ್ರಶ್ನೆ ಹಿಡಿದು ಓದಬಹುದು ಎನ್ನುವುದು ನನ್ನ ಅಭಿಪ್ರಾಯ: ತಂತಿಯಿಂದ ಸೋರಿದ ಸಿಗ್ನಲ್ ಪಕ್ಕದ ಮನೆಯವರ ರೇಡಿಯೊ ಕೆಡಿಸಿದರೆ, ಅದನ್ನು ತೋರಿಸಿಕೊಡುವ ಹೊರೆ ಯಾರ ತಲೆ ಮೇಲೆ?

ತಂತಿ ಯಾಕೆ ಸೋರುತ್ತದೆ

ಮೊದಲು ಸ್ವಲ್ಪ ವಿಜ್ಞಾನ. ಟೆಲಿಫೋನ್ ಕೇಬಲಿನಲ್ಲಿ ಎರಡು ಎಳೆಗಳು ಹೊಸೆದುಕೊಂಡಿರುತ್ತವೆ. ಒಂದು ಹೊರಸೂಸಿದ್ದನ್ನು ಇನ್ನೊಂದು ಬಹುಮಟ್ಟಿಗೆ ರದ್ದು ಮಾಡುತ್ತದೆ. ಟಿವಿ ಕೇಬಲಿಗೆ ಸುತ್ತ ಲೋಹದ ಕವಚ ಇದೆ. ಕಂಬದ ಮೇಲಿನ ವಿದ್ಯುತ್ ತಂತಿಗೆ ಈ ಎರಡೂ ಇಲ್ಲ. ಬರೀ ಲೋಹ, ತಂತಿ ತಂತಿಗಳ ನಡುವೆ ಸಾಕಷ್ಟು ಅಂತರ. 60 ಹರ್ಟ್ಸ್‌ನ ಕರೆಂಟಿಗೆ ಇದರಿಂದ ಏನೂ ತೊಂದರೆಯಿಲ್ಲ. ಬಿಪಿಎಲ್ ಬಳಸುವುದು ಸುಮಾರು 1.7ರಿಂದ 80 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು. ಆ ಮಟ್ಟಕ್ಕೆ ಹೋದಾಗ ಉದ್ದನೆಯ ತಂತಿ ತಾನೇ ಆಂಟೆನಾ ಆಗಿಬಿಡುತ್ತದೆ.

ಆ ಪಟ್ಟಿ ಖಾಲಿ ಸೈಟೂ ಅಲ್ಲ. ಶಾರ್ಟ್‌ವೇವ್ ಪ್ರಸಾರ, ಹಡಗು, ವಿಮಾನ, ಸೇನೆ, ಹ್ಯಾಮ್‌ಗಳು ಎಂದು ನಾವು ಕರೆಯುವ ಹವ್ಯಾಸಿ ರೇಡಿಯೊದವರು, ಎಲ್ಲರೂ ಅಲ್ಲೇ ಇದ್ದಾರೆ. ಸಾವಿರಾರು ಕಿಲೋಮೀಟರ್ ಆಚೆಯಿಂದ ಬರುವ ಕ್ಷೀಣ ದನಿಯನ್ನು ಹಿಡಿಯುವುದೇ ಅವರ ಕೆಲಸ. ಆಸುಪಾಸಿನಲ್ಲಿ ಚೂರು ಗದ್ದಲ ಹೆಚ್ಚಾದರೂ ಆ ದನಿ ಮುಳುಗುತ್ತದೆ.

ಇನ್ನೊಂದು ಸಂಗತಿ ಟ್ರಾನ್ಸ್‌ಫಾರ್ಮರ್. ಈ ಸಿಗ್ನಲ್ ಅದರ ಮೂಲಕ ಸಲೀಸಾಗಿ ದಾಟುವುದಿಲ್ಲ, ಸುತ್ತುಹಾಕಿಸಲು ಪ್ರತ್ಯೇಕ ಉಪಕರಣ ಬೇಕು. ಅಮೆರಿಕದಲ್ಲಿ ಒಂದು ಟ್ರಾನ್ಸ್‌ಫಾರ್ಮರ್‌ಗೆ ಬೆರಳೆಣಿಕೆಯಷ್ಟು ಮನೆ. ಯುರೋಪಿನಲ್ಲಿ ನೂರಕ್ಕೂ ಹೆಚ್ಚು ಮನೆ ಇರುವುದುಂಟು. ನಮ್ಮ ಬೀದಿಯ ಟಿಸಿ ಈ ವಿಷಯದಲ್ಲಿ ಯುರೋಪಿನ ಕಡೆಗೇ ಸೇರುತ್ತದೆ. ಹಾಗಾಗಿ ಅಮೆರಿಕದಲ್ಲಿ ಮನೆಯೊಂದಕ್ಕೆ ಬೀಳುವ ಖರ್ಚು ಶುರುವಿನಿಂದಲೇ ಜಾಸ್ತಿ. ಮುಂದೆ ವ್ಯಾಪಾರ ಯಾಕೆ ಬಿತ್ತು ಎಂಬ ಮಾತು ಬಂದಾಗ ಇದನ್ನು ನೆನಪಿಡಿ, ಎಲ್ಲ ತಪ್ಪನ್ನೂ ನಿಯಮದ ಮೇಲೆ ಹಾಕಲಾಗದು.

ಪಾರ್ಟ್ 15: ಲೈಸೆನ್ಸ್ ಬೇಡ, ಹಕ್ಕೂ ಇಲ್ಲ

ಎಫ್‌ಸಿಸಿ ಬಿಪಿಎಲ್‌ಗೆ ಹೊಸ ತರಂಗಾಂತರವನ್ನೇನೂ ಹಂಚಲಿಲ್ಲ. ವೈಫೈ ರೂಟರ್, ಗ್ಯಾರೇಜ್ ಬಾಗಿಲಿನ ರಿಮೋಟ್ ಮುಂತಾದವು ಬರುವ ಪಾರ್ಟ್ 15 ಎಂಬ ನಿಯಮಾವಳಿಯ ಒಳಗೇ ಇದನ್ನೂ ಇಟ್ಟಿತು. ಆ ನಿಯಮಾವಳಿಯ ಬುನಾದಿ ಎರಡು ಷರತ್ತು. ಲೈಸೆನ್ಸ್ ಇಲ್ಲದ ಉಪಕರಣ ಲೈಸೆನ್ಸ್ ಇರುವವರಿಗೆ ಹಾನಿಕಾರಕ ಅಡಚಣೆ ಮಾಡಕೂಡದು. ತನಗೆ ಬೇರೆಯವರಿಂದ ಅಡಚಣೆಯಾದರೆ ಸಹಿಸಿಕೊಳ್ಳಬೇಕು. ಓದಿದ ತಕ್ಷಣ ಹ್ಯಾಮ್‌ಗಳ ಕೈ ಮೇಲು ಅನ್ನಿಸುತ್ತದೆ.

ಈಗ ‘ಹಾನಿಕಾರಕ ಅಡಚಣೆ’ಯ ವ್ಯಾಖ್ಯೆಯನ್ನು ನಿಧಾನಕ್ಕೆ ಓದಿ. ವಿಮಾನಯಾನದಂಥ ದಿಕ್ಸೂಚಿ ಸೇವೆ ಮತ್ತು ಸುರಕ್ಷತಾ ಸೇವೆಗಳಾದರೆ, ಅವುಗಳ ಕೆಲಸಕ್ಕೆ ಅಪಾಯ ತಂದರೆ ಸಾಕು. ಉಳಿದವರ ವಿಷಯದಲ್ಲಿ ಸಂಪರ್ಕವನ್ನು ಗಂಭೀರವಾಗಿ ಕೆಡಿಸಬೇಕು, ತಡೆಯಬೇಕು ಅಥವಾ ಮೇಲಿಂದ ಮೇಲೆ ಕತ್ತರಿಸಬೇಕು. ಎರಡು ಮೆಟ್ಟಿಲು. ಸುಮ್ಮನೆ ಗುಯ್‌ಗುಟ್ಟುವ ಸದ್ದು ಬಂದರೆ ಎರಡನೆಯ ಮೆಟ್ಟಿಲಿನವರ ದೂರು ನಿಲ್ಲುವುದು ಕಷ್ಟ. ‘ಗಂಭೀರ’ ಎಷ್ಟರ ಮಟ್ಟಿಗೆ ಎಂಬುದನ್ನು ದೂರು ಕೊಟ್ಟವರೇ ಕಾಗದ, ರೆಕಾರ್ಡಿಂಗ್ ಸಮೇತ ಕಟ್ಟಿಕೊಡಬೇಕು. ಕಾಗದದಲ್ಲಿ ಆದ್ಯತೆ ಒಬ್ಬರಿಗೆ, ಓಡಾಟವೂ ಅವರಿಗೇ.

2004ರ ಆದೇಶ

ಎಫ್‌ಸಿಸಿ 2003ರ ಏಪ್ರಿಲ್‌ನಲ್ಲಿ ವಿಚಾರಣೆ ಆರಂಭಿಸಿತು, 2004ರ ಫೆಬ್ರವರಿಯಲ್ಲಿ ಕರಡು ನಿಯಮ ಇಟ್ಟಿತು, ಅಕ್ಟೋಬರ್ 14ರಂದು ಅಂತಿಮ ಆದೇಶ ಹೊರಡಿಸಿತು. ಆಗ ಅಧ್ಯಕ್ಷ ಸ್ಥಾನದಲ್ಲಿ ಮೈಕೆಲ್ ಪೋವೆಲ್. ಅವಸರಕ್ಕೆ ರಾಜಕೀಯ ಕಾರಣವೂ ಇತ್ತು: 2007ರೊಳಗೆ ಎಲ್ಲರಿಗೂ ಕೈಗೆಟಕುವ ಬ್ರಾಡ್‌ಬ್ಯಾಂಡ್ ಎಂದು ಅಧ್ಯಕ್ಷ ಜಾರ್ಜ್ ಬುಷ್ ಗುರಿ ಹಾಕಿಕೊಂಡಿದ್ದರು. ಟೆಲಿಫೋನ್ ಮತ್ತು ಕೇಬಲ್ ಕಂಪನಿಗಳಿಗೆ ಪೈಪೋಟಿ ಕೊಡುವ ಮೂರನೆಯ ತಂತಿ ಎಂಬ ಆಸೆ ಹುಟ್ಟಿದ್ದು ಹೀಗೆ.

ಪಾರ್ಟ್ 15ರಲ್ಲಿ ಸಬ್‌ಪಾರ್ಟ್ ಜಿ ಎಂಬ ಹೊಸ ಭಾಗ ಸೇರಿತು. ಅದರ ಪ್ರಕಾರ ವಿಮಾನಯಾನದ ಕೆಲವು ಫ್ರೀಕ್ವೆನ್ಸಿಗಳನ್ನು ಮುಟ್ಟುವಂತಿಲ್ಲ. ಕರಾವಳಿ ರೇಡಿಯೊ ಠಾಣೆಗಳ, ರೇಡಿಯೊ ಖಗೋಳ ವೀಕ್ಷಣಾಲಯಗಳ ಸುತ್ತ ನಿಗದಿತ ಪಟ್ಟಿಗಳಿಗೆ ನಿಷೇಧ. ನಮ್ಮ ಗೌರಿಬಿದನೂರಿನ ರೇಡಿಯೊ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ತೆಗೆದದ್ದು. ಆ ಸಂಖ್ಯೆ ಬಿಪಿಎಲ್ ಪಟ್ಟಿಯ ನಟ್ಟನಡುವೆ ಬರುತ್ತದೆ ಎಂದು ಗಮನಿಸಿದರೆ ಇಂಥ ನಿಷೇಧದ ಅಗತ್ಯ ತಾನೇ ಅರ್ಥವಾಗುತ್ತದೆ.

ದೂರು ಬಂದ ಫ್ರೀಕ್ವೆನ್ಸಿಯಲ್ಲಿ ಮಾತ್ರ ಸಿಗ್ನಲ್ ತಗ್ಗಿಸುವ ‘ನಾಚ್’ ಸೌಲಭ್ಯ ಕಡ್ಡಾಯವಾಯಿತು: 30 ಮೆಗಾಹರ್ಟ್ಸ್‌ಗಿಂತ ಕೆಳಗೆ ಮಿತಿಗಿಂತ 20 ಡೆಸಿಬಲ್ ಕಡಿಮೆ, ಮೇಲೆ 10 ಡೆಸಿಬಲ್ (ಡೆಸಿಬಲ್ ಎಂದರೆ ಸಿಗ್ನಲ್ ಎಷ್ಟು ಪಟ್ಟು ಹೆಚ್ಚು, ಕಡಿಮೆ ಎಂದು ಹೇಳುವ ಅಳತೆ; 20 ಡೆಸಿಬಲ್ ಇಳಿದರೆ ಬಲ ಹತ್ತನೇ ಒಂದಕ್ಕೆ ಇಳಿಯುತ್ತದೆ). ದೂರದಿಂದಲೇ ಉಪಕರಣ ನಿಲ್ಲಿಸುವ ವ್ಯವಸ್ಥೆಯೂ ಇರಬೇಕು. ಸೇವೆ ಶುರುವಾಗುವ 30 ದಿನ ಮೊದಲೇ ಯಾವ ಪಿನ್‌ಕೋಡು, ಯಾವ ಫ್ರೀಕ್ವೆನ್ಸಿ, ಯಾರನ್ನು ಸಂಪರ್ಕಿಸಬೇಕು ಎಂಬುದು ಸಾರ್ವಜನಿಕ ಡೇಟಾಬೇಸಿನಲ್ಲಿ ಬರಬೇಕು. ಈ ಡೇಟಾಬೇಸ್ ನನಗೆ ತುಂಬ ಹಿಡಿಸಿದ ಅಂಶ. ಯಾರ ಮೇಲೆ ದೂರಬೇಕು ಎಂದೇ ಗೊತ್ತಿಲ್ಲದಿದ್ದರೆ ದೂರುವ ಹಕ್ಕಿನಿಂದ ಏನು ಪ್ರಯೋಜನ?

10 ಮೀಟರ್, 30 ಮೀಟರ್

ನೀವು ಒಂದೇ ಒಂದು ಭಾಗವನ್ನು ಚೆನ್ನಾಗಿ ಓದುವುದಾದರೆ ಇದನ್ನು ಓದಿ.

30 ಮೆಗಾಹರ್ಟ್ಸ್‌ಗಿಂತ ಕೆಳಗೆ ಇರುವ ಮಿತಿ ಹೀಗಿದೆ: ತಂತಿಯಿಂದ 30 ಮೀಟರ್ ದೂರದಲ್ಲಿ ಕ್ಷೇತ್ರದ ಬಲ ಮೀಟರಿಗೆ 30 ಮೈಕ್ರೊವೋಲ್ಟ್ ದಾಟಬಾರದು. ಊರೊಳಗೆ ತಂತಿಯಿಂದ 30 ಮೀಟರ್ ಹೋಗುವಷ್ಟರಲ್ಲಿ ಯಾರದೋ ಮನೆ, ಮರ, ಇನ್ನೊಂದು ತಂತಿ ಅಡ್ಡ ಬರುತ್ತದೆ. ಅದಕ್ಕೇ ಹತ್ತಿರ, ಉದಾಹರಣೆಗೆ 10 ಮೀಟರಿನಲ್ಲಿ ಅಳೆದು, 30 ಮೀಟರಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಲೆಕ್ಕಕ್ಕೆ ಒಂದು ಸೂತ್ರ ಬೇಕು: ದೂರ ಹೆಚ್ಚಿದಂತೆ ಸಿಗ್ನಲ್ ಎಷ್ಟು ಬೇಗ ಕುಗ್ಗುತ್ತದೆ?

ಎಫ್‌ಸಿಸಿ ಹಿಡಿದದ್ದು ದೂರ ಹತ್ತು ಪಟ್ಟಾದಾಗ 40 ಡೆಸಿಬಲ್ ಇಳಿಕೆ, ಅಂದರೆ ದೂರದ ವರ್ಗಕ್ಕೆ ವಿಲೋಮ. 30 ಮೀಟರ್ 10ರ ಮೂರು ಪಟ್ಟು, ಮೂರರ ವರ್ಗ ಒಂಬತ್ತು. ಹಾಗಾಗಿ 10 ಮೀಟರಿನಲ್ಲಿ 30 × 9 = 270 ಮೈಕ್ರೊವೋಲ್ಟ್ ಬಂದರೂ ಪಾಸು. ಹ್ಯಾಮ್‌ಗಳ ಸಂಘವಾದ ಎಆರ್‌ಆರ್‌ಎಲ್ ವಾದ ಬೇರೆ. ವಿದ್ಯುತ್ ತಂತಿ ಒಂದು ಬಿಂದುವಲ್ಲ, ಉದ್ದಕ್ಕೆ ಹರಡಿಕೊಂಡ ಮೂಲ. ಅದರ ಕ್ಷೇತ್ರ ಅಷ್ಟು ಬೇಗ ಕುಗ್ಗುವುದಿಲ್ಲ, 20 ಡೆಸಿಬಲ್ಲಿನ ಹತ್ತಿರದ ಸಂಖ್ಯೆ ಹಿಡಿಯಿರಿ ಎಂದರು. 20 ಹಿಡಿದರೆ 30 × 3 = 90. ಅದಕ್ಕಿಂತ ಹೆಚ್ಚು ಬಂದರೆ ಫೇಲು.

ಮಿತಿಯ ಸಾಲಿನಲ್ಲಿ ಒಂದಕ್ಷರ ಬದಲಾಗಿಲ್ಲ, ಮೀಟರಿಗೆ 30 ಮೈಕ್ರೊವೋಲ್ಟೇ ಇದೆ. ಪರಿವರ್ತನೆಯ ಸೂತ್ರದಲ್ಲಿ 20ರ ಬದಲು 40 ಹಿಡಿದದ್ದಕ್ಕೆ ಬಿಪಿಎಲ್ ಕಂಪನಿಗೆ ಮೂರು ಪಟ್ಟು ಬಲ, ಶಕ್ತಿಯ ಲೆಕ್ಕದಲ್ಲಿ ಒಂಬತ್ತು ಪಟ್ಟು, ಹೆಚ್ಚುವರಿಯಾಗಿ ಸಿಕ್ಕಿತು. ನಿಯಮ ಓದುವಾಗ ಮಿತಿಯನ್ನಷ್ಟೇ ಬಾಯಿಪಾಠ ಮಾಡಿ ಅಳತೆಯ ವಿಧಾನವನ್ನು ಹಾರಿಸಿಬಿಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ನ್ಯಾಯಾಲಯ ಏನೆಂದಿತು

2006ರ ಆಗಸ್ಟ್‌ನಲ್ಲಿ ಮರುಪರಿಶೀಲನೆ ಮಾಡಿದ ಎಫ್‌ಸಿಸಿ ಇನ್ನೊಂದು ಸಡಿಲಿಕೆ ಕೊಟ್ಟಿತು. ವಾಹನದಲ್ಲಿ ಓಡಾಡುವ ರೇಡಿಯೊದವರ ದೂರು ಬಂದಾಗ ಬಿಪಿಎಲ್‌ನವರು ಮಿತಿಗಿಂತ 20 ಡೆಸಿಬಲ್ ಕೆಳಗೆ ಇಳಿಸಿದರೆ ಸಾಕು. ಆಮೇಲೂ ಅಡಚಣೆ ಉಳಿದರೆ ಹೆಚ್ಚಿನ ಕ್ರಮ ಬೇಕಿಲ್ಲ. ಎಆರ್‌ಆರ್‌ಎಲ್ ಕೋರ್ಟಿಗೆ ಹೋಯಿತು. 2008ರ ಏಪ್ರಿಲ್ 25ರಂದು ಡಿಸಿ ಸರ್ಕಿಟ್ ಮೇಲ್ಮನವಿ ನ್ಯಾಯಾಲಯದ ತೀರ್ಪು ಬಂತು.

ಮೊಬೈಲ್ ರೇಡಿಯೊ ಸಡಿಲಿಕೆಯ ವಿಷಯದಲ್ಲಿ ಎಫ್‌ಸಿಸಿ ಗೆದ್ದಿತು. ಸೋತದ್ದು ಎರಡು ಕಡೆ. ಒಂದು, ತನ್ನದೇ ಸಿಬ್ಬಂದಿ ಮಾಡಿದ ಅಧ್ಯಯನಗಳ ಮೇಲೆ ನಿಯಮ ಕಟ್ಟಿ, ಅದೇ ಅಧ್ಯಯನಗಳ ಕೆಲವು ಭಾಗಕ್ಕೆ ಮಸಿ ಬಳಿದು ಜನರ ಮುಂದಿಟ್ಟಿತ್ತು. ಆಧಾರವಾಗಿ ಬಳಸಿದ್ದರಲ್ಲಿ ಬೇಕಾದ ಪುಟ ತೋರಿಸಿ ಬೇಡದ್ದನ್ನು ಬಚ್ಚಿಡುವಂತಿಲ್ಲ, ಇಡಿಯಾಗಿ ತೆರೆದಿಟ್ಟು ಅಭಿಪ್ರಾಯ ಕೇಳಬೇಕು ಎಂದಿತು ಕೋರ್ಟು. ಎರಡು, 40 ಡೆಸಿಬಲ್ ಸೂತ್ರವನ್ನೇ ಯಾಕೆ ಉಳಿಸಿಕೊಂಡಿರಿ ಎಂಬುದಕ್ಕೆ ಒಪ್ಪುವಂಥ ವಿವರಣೆ ಇಲ್ಲ. ಆಗ ಆ ಪೀಠದಲ್ಲಿದ್ದ, ಈಗ ಸುಪ್ರೀಂ ಕೋರ್ಟಿನಲ್ಲಿರುವ ಬ್ರೆಟ್ ಕವನಾ ಭಾಗಶಃ ಭಿನ್ನಮತ ಬರೆದರು. ಕಾನೂನು ವಿದ್ಯಾರ್ಥಿಗಳು ಅದನ್ನು ಬಿಡಬೇಡಿ. ಅಧ್ಯಯನ ಬಯಲು ಮಾಡಬೇಕೆಂಬ ಬಾಧ್ಯತೆ ಹಳೆಯ ತೀರ್ಪುಗಳಿಂದ ಬಂದದ್ದೇ ಹೊರತು ಆಡಳಿತ ಕಾರ್ಯವಿಧಾನ ಕಾಯ್ದೆಯ ಪಠ್ಯದಿಂದಲ್ಲ ಎಂಬುದು ಅವರ ತಕರಾರು.

ಗೆದ್ದ ಹ್ಯಾಮ್‌ಗಳಿಗೆ ಸಿಕ್ಕಿದ್ದೇನು? ಎಫ್‌ಸಿಸಿ 2009ರಲ್ಲಿ ಮಸಿಯಿಲ್ಲದ ಪುಟಗಳನ್ನು ಹೊರಗಿಟ್ಟು ಮತ್ತೆ ಅಭಿಪ್ರಾಯ ಕೇಳಿತು. 2011ರ ಅಕ್ಟೋಬರ್‌ನಲ್ಲಿ ಎರಡನೇ ಆದೇಶ ಬಂತು: 40 ಡೆಸಿಬಲ್ ಅಲ್ಲೇ ಉಳಿಯಿತು, ಈ ಬಾರಿ ವಿವರಣೆ ಸಮೇತ. ನಾಚ್ ಮಾತ್ರ 20ರಿಂದ 25 ಡೆಸಿಬಲ್‌ಗೆ ಏರಿತು. ಕಾರ್ಯವಿಧಾನದ ಗೆಲುವು ಫಲಿತಾಂಶದ ಗೆಲುವಾಗಲೇಬೇಕೆಂದೇನಿಲ್ಲ.

ಹಣದ ಕಡೆಯ ನಿಯಮ

ಇದನ್ನು ಬೇಗ ಮುಗಿಸುತ್ತೇನೆ. 2006ರ ನವೆಂಬರ್‌ನಲ್ಲಿ ಎಫ್‌ಸಿಸಿ ಬಿಪಿಎಲ್ ಇಂಟರ್ನೆಟ್ಟನ್ನು ‘ಮಾಹಿತಿ ಸೇವೆ’ ಎಂದು ವರ್ಗೀಕರಿಸಿತು. ಕೇಬಲ್ ಇಂಟರ್ನೆಟ್ಟಿಗೆ ಮತ್ತು ಡಿಎಸ್‌ಎಲ್‌ಗೆ (ಟೆಲಿಫೋನ್ ತಂತಿಯ ಇಂಟರ್ನೆಟ್) ಆಗಲೇ ಆ ಹಣೆಪಟ್ಟಿ ಸಿಕ್ಕಿತ್ತು. ಟೆಲಿಫೋನ್ ಕಂಪನಿಗಳ ಮೇಲಿದ್ದ ಬಿಗಿ ನಿಯಮಗಳು ಇದಕ್ಕೂ ತಗಲಲಿಲ್ಲ. ಅಡ್ಡ ಸಬ್ಸಿಡಿಯ ಪ್ರಶ್ನೆ ಮಾತ್ರ ಉಳಿಯಿತು. ಇಂಟರ್ನೆಟ್ ವ್ಯಾಪಾರದ ಖರ್ಚು ಸದ್ದಿಲ್ಲದೆ ಕರೆಂಟ್ ಬಿಲ್ಲಿಗೆ ಸೇರಿದರೆ? 2004ರಲ್ಲಿ ಆಯುಕ್ತ ಮೈಕೆಲ್ ಕಾಪ್ಸ್ ಭಾಗಶಃ ಭಿನ್ನಮತ ಸೂಚಿಸಿದಾಗ ಎತ್ತಿದ್ದು ಇಂಥವೇ ಮಾತು. ಅದು ರಾಜ್ಯಗಳ ಪಾಲಿನ ಕೆಲಸ. ಟೆಕ್ಸಾಸ್ 2005ರಲ್ಲಿ ಕಾನೂನು ಮಾಡಿ, ವಿದ್ಯುತ್ ಕಂಪನಿ ಬೇಕಾದರೆ ಬಿಪಿಎಲ್‌ಗೆ ಇಳಿಯಬಹುದು, ಬಲವಂತವಿಲ್ಲ ಎಂದಿತು.

ಆಮೇಲೆ ನಡೆದದ್ದು ಇಷ್ಟು. ಊರಿಡೀ ಬಿಪಿಎಲ್ ಕೊಟ್ಟು ಹೆಸರಾಗಿದ್ದ ವರ್ಜೀನಿಯಾದ ಮನಾಸಸ್ ನಗರ, ಸುಮಾರು 500 ಗ್ರಾಹಕರಷ್ಟೇ ಉಳಿದಾಗ, 2010ರಲ್ಲಿ ಸೇವೆ ನಿಲ್ಲಿಸಿತು. ಡಲ್ಲಾಸ್‌ನ ಜಾಲವನ್ನು 2008ರಲ್ಲಿ ಆಂಕೋರ್ ಎಂಬ ವಿದ್ಯುತ್ ಕಂಪನಿ 9 ಕೋಟಿ ಡಾಲರಿಗೆ ಕೊಂಡಿತು, ಮನೆಮನೆಗೆ ಇಂಟರ್ನೆಟ್ ಕೊಡಲು ಅಲ್ಲ, ತನ್ನ ಗ್ರಿಡ್ಡನ್ನೇ ಗಮನಿಸಿಕೊಳ್ಳಲು. ಜಪಾನ್ 2006ರಲ್ಲಿ ಅನುಮತಿ ಕೊಟ್ಟಾಗ ಮನೆಯೊಳಗಿನ ವೈರಿಂಗಿಗೆ ಮಾತ್ರ ಕೊಟ್ಟಿತ್ತು. ಎಫ್‌ಸಿಸಿ ಮೊದಲು ಬಿಟ್ಟು ಆಮೇಲೆ ದೂರು ಕೇಳುವ ದಾರಿ ಹಿಡಿದರೆ, ಜಪಾನ್ ಮೊದಲೇ ಬೇಲಿ ಹಾಕಿತು. ಪರೀಕ್ಷೆಯಲ್ಲಿ ಹೋಲಿಕೆ ಕೇಳಿದರೆ ಈ ಜೋಡಿಯನ್ನೇ ಬಳಸಿ.

ಒಂದು ಲೆಕ್ಕ ನೀವೇ ಮಾಡಿ. ಎಫ್‌ಸಿಸಿ ಪದ್ಧತಿಯಲ್ಲಿ ಮೇಲಿನ ತಂತಿಗೆ ದೂರ ಅಳೆಯುವುದು ಓರೆಯಾಗಿ, ಆಂಟೆನಾದಿಂದ ನೇರ ತಂತಿಗೆ. ತಂತಿ ಆಂಟೆನಾಕ್ಕಿಂತ 10 ಮೀಟರ್ ಎತ್ತರದಲ್ಲಿದೆ, ನೆಲದ ಮೇಲಿನ ಅಡ್ಡ ದೂರವೂ 10 ಮೀಟರ್ ಎಂದಿಟ್ಟುಕೊಳ್ಳಿ. ಓರೆ ದೂರ 14.1 ಮೀಟರ್. 40 ಡೆಸಿಬಲ್ ಸೂತ್ರದಲ್ಲಿ ಅಲ್ಲಿ ಎಷ್ಟು ಮೈಕ್ರೊವೋಲ್ಟ್‌ವರೆಗೆ ಪಾಸು, 20ರಲ್ಲಿ ಎಷ್ಟು? ಉತ್ತರ 135 ಮತ್ತು ಸುಮಾರು 64 ಬಂದರೆ ಸರಿ.